ಆಮೆ ತರುವ ಮುನ್ನ ಹುಲ್ಲಿನ ಲೆಕ್ಕ

ಕೆರೆಯಲ್ಲಿ ಈಜುವುದನ್ನೂ ನಾವು ಆಮೆ ಅನ್ನುತ್ತೇವೆ, ನೆಲದ ಮೇಲೆ ನಡೆಯುವುದನ್ನೂ ಆಮೆ ಅನ್ನುತ್ತೇವೆ. ನಮ್ಮ ಮನೆಯ ಉರ್ದುವಿನಲ್ಲೂ ಅಷ್ಟೇ, ಎರಡೂ ಕಛುವಾ. ಹೆಸರು ಒಂದೇ ಆಗಿರುವುದರಿಂದ, ಅಂಗಡಿಯಿಂದ ನೆಲದ ಆಮೆಯ ಮರಿ ತಂದವರು ಅದನ್ನು ಗಾಜಿನ ತೊಟ್ಟಿಯ ನೀರಿಗೆ ಬಿಟ್ಟು ಮೀನಿಗೆ ಹಾಕುವ ಕಾಳನ್ನು ಹಾಕುವುದುಂಟು. ನೆಲದ ಆಮೆಗೆ ಈಜಲು ಬರುವುದಿಲ್ಲ. ಆಳದ ನೀರಿನಲ್ಲಿ ಬಿಟ್ಟರೆ ಮುಳುಗಿ ಸಾಯುತ್ತದೆ. ಅದು ಹುಲ್ಲು ತಿಂದು ಬದುಕುವ ಪ್ರಾಣಿ, ದನದ ಹಾಗೆ.

ನಮ್ಮ ತರಗತಿಯ ಕೆಲವು ಸ್ನೇಹಿತರು ಈ ವರ್ಷ ಹಣ ಕೂಡಿಸಿ ಒಂದು ‘ಸುಲ್ಕಾಟಾ’ ಮರಿ ತರುವ ಮಾತಾಡುತ್ತಿದ್ದಾರೆ. ಮೊಬೈಲಿನಲ್ಲಿ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಬಿಸ್ಕತ್ತಿನಷ್ಟು ಅಗಲ, ಅಂಗೈ ಮೇಲೆ ಕೂರುತ್ತದೆ. ಅವರಿಗೆ ಬೇಡ ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ ಈ ಪ್ರಾಣಿಯ ಬಗ್ಗೆ ನನಗೆ ಸ್ವಲ್ಪ ಗೊತ್ತಿದೆ. ನನ್ನ ಮಾಮೂ ಶಾರ್ಜಾದ ಒಂದು ಬಂಗಲೆಯಲ್ಲಿ ತೋಟ ನೋಡಿಕೊಳ್ಳುತ್ತಾರೆ. ಅಲ್ಲಿ ಇದೇ ಜಾತಿಯ ಒಂದು ಗಂಡು ಆಮೆ ಇದೆ. ಮನೆಯ ಮಕ್ಕಳು ಚಿಕ್ಕವರಿದ್ದಾಗ ತಂದದ್ದು. ಆ ಮಕ್ಕಳು ಈಗ ಓದಲು ಬೇರೆ ದೇಶಕ್ಕೆ ಹೋಗಿದ್ದಾರೆ. ಆಮೆ ಮಾಮೂ ಪಾಲಿಗೆ ಬಂದಿದೆ. ಅವರು ಅದನ್ನು ‘ಬಡೇ ಮಿಯಾ’ ಎಂದು ಕರೆಯುತ್ತಾರೆ.

ಸುಲ್ಕಾಟಾ ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಪ್ರಾಣಿ. ಸೆನೆಗಲ್‌ನಿಂದ ಸುಡಾನ್, ಇಥಿಯೋಪಿಯಾವರೆಗಿನ ಒಣ ಹುಲ್ಲುಗಾವಲು ಅದರ ಊರು. ಗ್ಯಾಲಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇದೇ ದೊಡ್ಡದು. ಮೊಟ್ಟೆಯಿಂದ ಹೊರಬಂದಾಗ ಸುಮಾರು 5 ಸೆಂಟಿಮೀಟರ್ ಇರುತ್ತದೆ, ತೂಕ 50 ಗ್ರಾಮಿಗಿಂತ ಕಡಿಮೆ. ಬೆಳೆದ ಮೇಲೆ 40-50 ಕಿಲೋ ಸಾಮಾನ್ಯ. ದೊಡ್ಡ ಗಂಡು 80 ಸೆಂಟಿಮೀಟರ್ ಉದ್ದವಾಗಿ 100 ಕಿಲೋ ಮುಟ್ಟುವುದೂ ಇದೆ. ಅಂದರೆ ಎರಡು ಸಿಮೆಂಟ್ ಮೂಟೆ. ಆಯಸ್ಸು 50 ವರ್ಷ ದಾಟುತ್ತದೆ, 70ರವರೆಗೂ ಬದುಕಬಹುದು ಎನ್ನುತ್ತಾರೆ. ಸವಕಳಿಯ ಲೆಕ್ಕ ಹಾಕಿ ಅಭ್ಯಾಸವಾದ ನಮಗೆ ಇದು ವಿಚಿತ್ರ ಅನಿಸಬಹುದು. ಕೊಂಡ ವಸ್ತುವಿನ ಮೌಲ್ಯ ವರ್ಷ ವರ್ಷ ಇಳಿಯುವುದನ್ನು ನಾವು ಬರೆಯುತ್ತೇವೆ. ಇಲ್ಲಿ ವರ್ಷ ವರ್ಷ ಏರುವುದು ಖರ್ಚು. ಆಸ್ತಿಯ ಕಡೆ ಬರೆದದ್ದು ನಿಧಾನವಾಗಿ ಹೊಣೆಗಾರಿಕೆಯ ಕಡೆಗೆ ನಡೆಯುತ್ತದೆ.

ಈಗ ಮೇವಿನ ವಿಷಯ. ಹೆಚ್ಚು ತಪ್ಪು ಆಗುವುದು ಇಲ್ಲೇ. ಮಾಮೂ ಕೆಲಸಕ್ಕೆ ಸೇರಿದಾಗ ಆ ಆಮೆಗೆ ಊಟದ ಮೇಜಿನಲ್ಲಿ ಉಳಿದದ್ದನ್ನು ಹಾಕುತ್ತಿದ್ದರಂತೆ. ಖುಬೂಸ್ ರೊಟ್ಟಿ, ಕಲ್ಲಂಗಡಿ ಹಣ್ಣು, ಖರ್ಜೂರ, ಕೆಲವೊಮ್ಮೆ ಅನ್ನ. ಆಮೆ ಎಲ್ಲವನ್ನೂ ಖುಷಿಯಿಂದ ತಿನ್ನುತ್ತಿತ್ತು. ತಿನ್ನುತ್ತದೆ ಅಂದ ಮಾತ್ರಕ್ಕೆ ಅದು ಅದರ ಆಹಾರ ಅಲ್ಲ. ನಾವು ಮೂರು ಹೊತ್ತೂ ಜಿಲೇಬಿ ಕೊಟ್ಟರೆ ಬೇಡ ಅನ್ನುತ್ತೇವೆಯೇ?

ಸುಲ್ಕಾಟಾದ ದೊಡ್ಡ ಕರುಳಿನಲ್ಲಿ ಸೂಕ್ಷ್ಮ ಜೀವಿಗಳಿವೆ. ಅವು ಹುಲ್ಲಿನ ನಾರನ್ನು ನಿಧಾನವಾಗಿ ಹುಳಿ ಬರಿಸಿ ಒಡೆಯುತ್ತವೆ. ಆಮೆಗೆ ಶಕ್ತಿ ಬರುವುದು ಅದರಿಂದಲೇ. ಸಕ್ಕರೆ ಜಾಸ್ತಿ ಇರುವ ಹಣ್ಣು, ಹಿಟ್ಟಿನ ಪದಾರ್ಥ ಒಳಗೆ ಹೋದರೆ ಈ ಜೀವಿಗಳ ಸಮತೋಲನ ಕೆಡುತ್ತದೆ, ಭೇದಿ ಆಗುತ್ತದೆ, ಹೊಟ್ಟೆಯ ಹುಳು ಹೆಚ್ಚುತ್ತವೆ. ನಾಯಿ ಬೆಕ್ಕಿನ ಆಹಾರ, ಮೊಟ್ಟೆ, ಪನೀರ್, ಮಾಂಸ ಇವುಗಳಲ್ಲಿರುವ ಪ್ರೋಟೀನ್ ಅದರ ಮೂತ್ರಪಿಂಡಕ್ಕೆ ಭಾರ. ಆದ್ದರಿಂದ ಹತ್ತು ತುತ್ತಿನಲ್ಲಿ ಎಂಟು ಒಂಬತ್ತು ತುತ್ತು ಹುಲ್ಲೇ ಆಗಿರಬೇಕು, ಹಸಿ ಅಥವಾ ಒಣ. ನಮ್ಮ ಕಡೆ ಸುಲಭವಾಗಿ ಸಿಗುವ ಗರಿಕೆ ತುಂಬಾ ಒಳ್ಳೆಯದು. ಶಾರ್ಜಾದಲ್ಲಿ ಮಾಮೂ ದನ, ಒಂಟೆಗಳಿಗೆ ಮಾರುವ ರೋಡ್ಸ್ ಹುಲ್ಲಿನ ಒಣ ಕಟ್ಟು ತರುತ್ತಾರೆ. ಅಲ್ಲಿ ಕುದುರೆ ಮಸಾಲೆ ಸೊಪ್ಪೂ ಧಾರಾಳವಾಗಿ ಸಿಗುತ್ತದೆ. ಆದರೆ ಅದರಲ್ಲಿ ಪ್ರೋಟೀನ್ ಹೆಚ್ಚು, ದಿನವೂ ಹಾಕುವುದಿಲ್ಲ.

ಹುಲ್ಲಿನ ಜೊತೆಗೆ ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಸೊಪ್ಪು, ಮುಳ್ಳು ತೆಗೆದ ಪಾಪಾಸುಕಳ್ಳಿಯ ದಪ್ಪ ಎಲೆ ಕೊಡಬಹುದು. ಕಳ್ಳಿಯಲ್ಲಿ ನೀರೂ ಇದೆ, ಸುಣ್ಣದ ಅಂಶವೂ ಇದೆ. ಪಾಲಕ್ ಸೊಪ್ಪನ್ನು ನಾವು ಆರೋಗ್ಯಕ್ಕೆ ಒಳ್ಳೆಯದು ಅನ್ನುತ್ತೇವೆ. ಆಮೆಗೆ ಅದನ್ನು ದಿನವೂ ಕೊಡಬಾರದು, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಯಾಕೆ ಇಷ್ಟು ಮುಖ್ಯ ಅಂದರೆ, ಆಮೆಯ ಚಿಪ್ಪು ಮೇಲೆ ಹೊದ್ದ ಡಬ್ಬಿಯಲ್ಲ. ಅದು ಮೂಳೆ. ಬೆನ್ನೆಲುಬು, ಪಕ್ಕೆಲುಬು ಎಲ್ಲ ಅದರಲ್ಲೇ ಬೆಸೆದುಕೊಂಡಿವೆ. ಕ್ಯಾಲ್ಸಿಯಂ ಸಾಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಲವ್‌ಬರ್ಡ್ಸ್ ಪಂಜರದಲ್ಲಿ ಸಿಕ್ಕಿಸುತ್ತಾರಲ್ಲ, ಆ ಬಿಳಿ ಕಡಲ ಮೂಳೆ, ಅದನ್ನೇ ಒಂದು ಮೂಲೆಯಲ್ಲಿ ಇಟ್ಟರೆ ಆಮೆ ಬೇಕೆಂದಾಗ ಬಂದು ಕಚ್ಚಿಕೊಳ್ಳುತ್ತದೆ.

ಎಲ್ಲ ನೆಲದ ಆಮೆಗೂ ಇದೇ ಪಟ್ಟಿ ಅಂತ ತಿಳಿಯಬೇಡಿ. ದಕ್ಷಿಣ ಅಮೆರಿಕದ ಕಾಡಿನ ಕೆಂಪು ಕಾಲಿನ ಆಮೆ ಹಣ್ಣು ತಿಂದೇ ಬೆಳೆಯುತ್ತದೆ. ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಎಂಬ ದೈತ್ಯ ಆಮೆಯ ಹೆಸರು ಕೆಲವರು ಕೇಳಿರಬಹುದು. 1882ರಲ್ಲಿ ಆ ದ್ವೀಪಕ್ಕೆ ಬಂದಾಗಲೇ ಅದಕ್ಕೆ ಸುಮಾರು 50 ವರ್ಷವಿತ್ತು ಎನ್ನುತ್ತಾರೆ. ಮುಪ್ಪಿನಲ್ಲಿ ಕಣ್ಣು ಹೋಯಿತು, ವಾಸನೆ ತಿಳಿಯದಾಯಿತು, ಹುಲ್ಲನ್ನು ಹುಡುಕಿ ಸರಿಯಾಗಿ ಕಚ್ಚಲು ಆಗುತ್ತಿರಲಿಲ್ಲ, ಕೊಕ್ಕಿನಂಥ ಬಾಯಿ ಪುಡಿಯಾಗತೊಡಗಿತು. ಪಶುವೈದ್ಯರು ವಾರಕ್ಕೊಮ್ಮೆ ಕೈಯಾರೆ ಕ್ಯಾರೆಟ್, ಎಲೆಕೋಸು, ಸೌತೆಕಾಯಿ, ಹಣ್ಣು ತಿನ್ನಿಸಲು ಶುರು ಮಾಡಿದ ಮೇಲೆ ಕೊಕ್ಕು ಮತ್ತೆ ಗಟ್ಟಿಯಾಗಿ ಚೂಪಾಯಿತು. ಅದು ಬೇರೆ ಜಾತಿ, ಬೇರೆ ವಯಸ್ಸು, ವೈದ್ಯರ ಕೈ. ನಮ್ಮ ಸುಲ್ಕಾಟಾ ಮರಿಗೆ ಆ ವಿಡಿಯೋ ನೋಡಿ ಬಾಳೆಹಣ್ಣು ಕೊಡುವುದು ಬೇಡ.

ಆಮೆಯ ಬೆನ್ನಿನ ಮೇಲೆ ಗುಡ್ಡ ಗುಡ್ಡವಾಗಿ ಪಿರಮಿಡ್ಡಿನಂತೆ ಎದ್ದಿರುವ ಚಿತ್ರ ನೋಡಿರುತ್ತೀರಿ. ಅದು ಅಂದ ಅಲ್ಲ, ಬೆಳವಣಿಗೆಯಲ್ಲಿ ಆದ ಊನ. ಮೊದಲು ಎಲ್ಲರೂ ಇದಕ್ಕೆ ಆಹಾರದ ಪ್ರೋಟೀನೇ ಕಾರಣ ಎನ್ನುತ್ತಿದ್ದರು. 2003ರಲ್ಲಿ ಆಸ್ಟ್ರಿಯಾದ ಸಂಶೋಧಕರು ಸುಲ್ಕಾಟಾ ಮರಿಗಳ ಮೇಲೆಯೇ ನಡೆಸಿದ ಅಧ್ಯಯನ ಬೇರೆಯದನ್ನು ತೋರಿಸಿತು. ಒಣ ಗಾಳಿಯಲ್ಲಿ ಬೆಳೆದ ಮರಿಗಳಿಗೆ ಗುಡ್ಡ ಜಾಸ್ತಿ, ತೇವದ ಗಾಳಿಯಲ್ಲಿ ಬೆಳೆದವಕ್ಕೆ ಕಡಿಮೆ. ಪ್ರೋಟೀನಿನ ಪಾತ್ರ ಸಣ್ಣದು. ಮರುಭೂಮಿಯ ಪ್ರಾಣಿಗೆ ತೇವ ಯಾಕೆ ಅಂತ ನನಗೂ ಆಶ್ಚರ್ಯವಾಗಿತ್ತು. ಆದರೆ ಅದು ಹಗಲಿನ ಬಿಸಿಲಿನಲ್ಲಿ ಮರಳ ಮೇಲೆ ಮಲಗಿರುವುದಿಲ್ಲ. ಮೂರು ಮೀಟರಿಗಿಂತ ಉದ್ದದ ಬಿಲ ತೋಡಿ ಒಳಗೆ ಇರುತ್ತದೆ. ಬಿಲದ ಒಳಗೆ ತಂಪು, ಮಣ್ಣಿನ ಪಸೆ. ಮನೆಯಲ್ಲಿ ಆ ಬಿಲದ ಬದಲು ಮರಿಗೆ ತೇವದ ಗೂಡು ಮಾಡಬೇಕು, ಮತ್ತೆ ಮತ್ತೆ ಅದರ ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೂರಿಸಬೇಕು. ಅದು ನೀರು ಕುಡಿಯುವುದು, ಮಲಮೂತ್ರ ಮಾಡುವುದು ಹೆಚ್ಚಾಗಿ ಆಗಲೇ. ಮೂತ್ರದ ಜೊತೆ ಬಿಳಿ ಗಂಜಿಯಂಥದ್ದು ಬರುತ್ತದೆ, ಭಯ ಬೇಡ. ಅದು ಮರಳಿನಂತೆ ಗರಗರ ಆಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ. ಹಾಗೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ.

ಬಿಸಿಲೂ ಬೇಕು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಮೈಗೆ ತಾಗಿದರೆ ಮಾತ್ರ ವಿಟಮಿನ್ ಡಿ ತಯಾರಾಗಿ ತಿಂದ ಕ್ಯಾಲ್ಸಿಯಂ ಮೈಗೆ ಹಿಡಿಯುತ್ತದೆ. ಕಿಟಕಿಯ ಗಾಜಿನ ಹಿಂದೆ ಕೂರಿಸಿದರೆ ಉಪಯೋಗವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಈ ಜಾತಿ ಚಳಿಗಾಲದ ನಿದ್ದೆ ಮಾಡುವುದಿಲ್ಲ. ಹಾಗಾಗಿ ನಮ್ಮ ಮಳೆಗಾಲದ ಥಂಡಿ, ಡಿಸೆಂಬರ್ ರಾತ್ರಿಯ ಚಳಿ ಅದಕ್ಕೆ ಅಪಾಯ. ಮೂಗಿನಿಂದ ನೀರು, ಬಾಯಿ ತೆರೆದು ಉಸಿರಾಡುವುದು ಕಂಡರೆ ನ್ಯುಮೋನಿಯಾ ಇರಬಹುದು, ಪಶುವೈದ್ಯರ ಹತ್ತಿರ ಓಡಬೇಕು. ಅದಕ್ಕೂ ಮುಂಚೆ ಆಮೆಗೆ ಚಿಕಿತ್ಸೆ ಗೊತ್ತಿರುವ ವೈದ್ಯರು ನಿಮ್ಮ ಊರಿನಲ್ಲಿ ಇದ್ದಾರೆಯೇ ಎಂದು ವಿಚಾರಿಸಿ. ದನ, ಕುರಿ, ನಾಯಿ ನೋಡುವವರು ಸಿಗುತ್ತಾರೆ, ಇದನ್ನು ನೋಡುವವರು ಕಡಿಮೆ.

ಜಾಗದ ಬಗ್ಗೆ ಬಹಳ ಹೇಳುವುದಿಲ್ಲ. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಆಗುವುದಿಲ್ಲ, ಅಷ್ಟೇ. ಅಂಗಳ ಬೇಕು, ಆಚೆ ಕಾಣದಂಥ ಗಟ್ಟಿ ಗೋಡೆ ಬೇಕು. ತಂತಿ ಬೇಲಿ ಹಾಕಿದರೆ ಆಚೆ ಕಾಣುವುದನ್ನು ನೋಡಿ ತಳ್ಳುತ್ತಲೇ ಇರುತ್ತದೆ. ಗೋಡೆಯ ಬುಡ ನೆಲದೊಳಗೆ ಇಳಿದಿರಬೇಕು, ಇಲ್ಲದಿದ್ದರೆ ಅಡಿಯಿಂದ ತೋಡಿಕೊಂಡು ಹೋಗುತ್ತದೆ. ಎರಡು ಗಂಡು ಒಟ್ಟಿಗೆ ಬೇಡ. ಒಂದನ್ನೊಂದು ಗುದ್ದಿ ಮಗುಚಿ ಹಾಕುತ್ತವೆ, ಮಗುಚಿದ್ದು ಬಿಸಿಲಿನಲ್ಲಿ ಸತ್ತೇ ಹೋಗಬಹುದು. ಮರಿ ಇದ್ದಾಗ ಗಂಡೋ ಹೆಣ್ಣೋ ತಿಳಿಯುವುದೂ ಇಲ್ಲ. ಪ್ಲಾಸ್ಟಿಕ್ ಚೀಲ ಕಂಡರೆ ನುಂಗುತ್ತದೆ. ಇನ್ನೊಂದು ಮಾತು, ಆಮೆಯ ಮೈ ಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಆಮೆ ನೋಡಲು ಆರೋಗ್ಯವಾಗಿದ್ದರೂ ಇರುತ್ತದೆ. ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು ನಿಷೇಧಿಸಿದ್ದು ಮಕ್ಕಳಿಗೆ ಇದರಿಂದ ಕಾಯಿಲೆ ಬರುತ್ತಿತ್ತು ಎಂದೇ. ಮುಟ್ಟಿದ ಮೇಲೆ ಬರೀ ವುಝು ಮಾಡಿದರೆ ಸಾಲದು, ಸೋಪು ಹಾಕಿ ತೊಳೆಯಬೇಕು. ಅಡುಗೆ ಮನೆಗೆ ಬಿಡಲೇಬಾರದು.

ಕಾನೂನು ಎರಡು ರೀತಿ. ನಮ್ಮದೇ ನೆಲದ ನಕ್ಷತ್ರ ಆಮೆ ಸುಲ್ಕಾಟಾಕ್ಕಿಂತ ಬಹಳ ಚಿಕ್ಕದು. ಅದನ್ನು ‘ಅದೃಷ್ಟ’ ಎಂದು ಮನೆಯಲ್ಲಿ ಇಟ್ಟುಕೊಳ್ಳುವವರು ಇದ್ದಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಕಳ್ಳಸಾಗಣೆ ಎಷ್ಟಿದೆ ಅಂದರೆ, 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ರಕ್ಷಿಸಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ ಕಳಿಸಬೇಕಾಯಿತು. ಸುಲ್ಕಾಟಾ ವಿದೇಶಿ ಪ್ರಾಣಿ, ಆದರೆ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿದೆ. 2024ರ ನಿಯಮಗಳಂತೆ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಸರ್ಕಾರದ ‘ಪರಿವೇಶ್’ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಅಂಗಡಿಯವನು ಕಾಗದ ಪತ್ರ ಕೊಡದಿದ್ದರೆ ಅಲ್ಲಿಂದಲೇ ಹಿಂದೆ ಬನ್ನಿ.

ಸಾಕಲು ಆಗದಿದ್ದರೆ ಕೆರೆಗೋ ಕಾಡಿಗೋ ಬಿಟ್ಟರಾಯಿತು ಅನ್ನುವವರಿದ್ದಾರೆ. ಕೆರೆಗೆ ಬಿಟ್ಟರೆ ಮುಳುಗುತ್ತದೆ. ಕಾಡಿಗೆ ಬಿಟ್ಟರೆ ಚಳಿ ಮಳೆಗೆ ಸಾಯುತ್ತದೆ, ಇಲ್ಲವೇ ತನ್ನ ರೋಗವನ್ನು ಅಲ್ಲಿನ ಆಮೆಗಳಿಗೆ ಅಂಟಿಸುತ್ತದೆ. ಬೆಕ್ಕನ್ನು ಕೂಡಿಹಾಕಿದ ಹೆಂಗಸಿನ ಹದೀಸ್ ನಾವು ಮದ್ರಸಾದಲ್ಲಿ ಚಿಕ್ಕಂದಿನಲ್ಲೇ ಕೇಳಿದ್ದೇವೆ. ಅವಳು ಊಟವನ್ನೂ ಹಾಕಲಿಲ್ಲ, ತಾನೇ ಹುಡುಕಿಕೊಳ್ಳಲಿ ಎಂದು ಬಿಡಲೂ ಇಲ್ಲ. ಸುಲ್ಕಾಟಾದ ವಿಷಯದಲ್ಲಿ ಬಿಡುವ ದಾರಿಯೇ ಇಲ್ಲ. ಹಾಗಾಗಿ ತರುವ ದಿನವೇ ನಮ್ಮ ನಂತರ ಯಾರು ಎಂದು ಬರೆದಿಡಬೇಕು, ವಕ್ಫ್ ಆಸ್ತಿಗೆ ಮುತವಲ್ಲಿಯನ್ನು ನೇಮಿಸಿದ ಹಾಗೆ. ನಾವು ಈಗ ಹದಿನೇಳು. ಈ ವರ್ಷ ತಂದ ಮರಿ ನಮಗೆ ಅರವತ್ತೇಳು ಆದಾಗಲೂ ಹುಲ್ಲು ಕೇಳುತ್ತಿರುತ್ತದೆ. ಪಿಯುಸಿ ಮುಗಿದ ಮೇಲೆ ಹಣ ಕೂಡಿಸಿದ ಗೆಳೆಯರಲ್ಲಿ ಒಬ್ಬ ಬೆಂಗಳೂರಿಗೆ, ಒಬ್ಬ ದುಬೈಗೆ ಹೋದರೆ ಪಾಲುದಾರಿಕೆ ವಿಸರ್ಜನೆಯಲ್ಲಿ ಆಮೆ ಯಾರ ಖಾತೆಗೆ?

ಮಾಮೂಗೂ ಇದೇ ಚಿಂತೆ. ಮುಂದಿನ ವರ್ಷ ಅವರು ಕೆಲಸ ಬಿಟ್ಟು ಊರಿಗೆ ಬರುತ್ತಾರೆ. ಬಡೇ ಮಿಯಾನನ್ನು ತರಲು ಆಗುವುದಿಲ್ಲ, ನಮ್ಮ ಮನೆಯಲ್ಲಿ ಅಂಗಳವೂ ಇಲ್ಲ. ಅದಕ್ಕೆ ಅವರು ಯಾವ ದಿನ ಯಾವ ಹುಲ್ಲು, ಬೇಸಿಗೆಯಲ್ಲಿ ಬಿಲದ ಬಾಯಿಗೆ ಎಷ್ಟು ಹೊತ್ತಿಗೆ ನೀರು ಚಿಮುಕಿಸಬೇಕು, ತಿಂಗಳಿಗೊಮ್ಮೆ ತೂಕ ಹೇಗೆ ನೋಡಬೇಕು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಉರ್ದುವಿನಲ್ಲಿ ಬರೆದಿದ್ದರು. ಈ ಲೇಖನದ ಅರ್ಧ ಅದರಿಂದಲೇ ಬಂದದ್ದು. ಅವರ ಜಾಗಕ್ಕೆ ಬರುವ ಹುಡುಗ ಬಾಂಗ್ಲಾದೇಶದವನು, ಉರ್ದು ಓದಲು ಬರುವುದಿಲ್ಲವಂತೆ. ಮಾಮೂ ಈಗ ರಾತ್ರಿ ಕೆಲಸ ಮುಗಿದ ಮೇಲೆ ಕೂತು ಚಿತ್ರ ಬಿಡಿಸುತ್ತಿದ್ದಾರೆ. ಮೊನ್ನೆ ಒಂದು ಪುಟದ ಫೋಟೋ ಕಳಿಸಿದ್ದರು. ಅದರಲ್ಲಿ ಹುಲ್ಲಿನ ಕಟ್ಟಿನ ಪಕ್ಕ ಒಂದು ಸರಿ ಗುರುತು, ಖುಬೂಸಿನ ಮೇಲೆ ದೊಡ್ಡದಾಗಿ ಅಡ್ಡ ಗೆರೆ.