ಸೋಲಿನ ಸಿಟ್ಟು ಆಟಗಾರನ ಮನೆ ಬಾಗಿಲಿಗೆ ಹೋಗದಿರಲಿ

ದೊಡ್ಡಬಳ್ಳಾಪುರ: ಐಪಿಎಲ್ ಬಂತೆಂದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಕ್ರಿಕೆಟ್ ಮಾತಿಗೆ ಬರವಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ ಹಿಡಿದು ನೆಲಮಂಗಲ, ಹೊಸಕೋಟೆಯ ಟೀ ಅಂಗಡಿಗಳವರೆಗೆ ಎಲ್ಲರೂ ತಜ್ಞರೇ. ಆದರೆ ಅಂಗಡಿ ಕಟ್ಟೆಯ ಮೇಲೆ ಬೈದ ಮಾತು ಅಲ್ಲಿಯೇ ಕರಗುತ್ತಿತ್ತು. ಮೊಬೈಲಿನಲ್ಲಿ ಬರೆದ ಮಾತು ಆಟಗಾರನನ್ನೂ ಆತನ ಮನೆಯವರನ್ನೂ ನೇರವಾಗಿ ತಲುಪುತ್ತದೆ. ಸಮಸ್ಯೆಯ ಮೂಲ ಇರುವುದು ಇಲ್ಲಿ.

ನಮ್ಮ ತಂಡದ್ದೇ ಉದಾಹರಣೆ

2021ರ ಅಕ್ಟೋಬರ್ 11ರಂದು ಶಾರ್ಜಾದಲ್ಲಿ ನಡೆದ ಎಲಿಮಿನೇಟರ್ ಪಂದ್ಯದಲ್ಲಿ ಬೆಂಗಳೂರು ತಂಡ ಕೋಲ್ಕತ್ತಕ್ಕೆ ಮಣಿಯಿತು. ಡೇನಿಯಲ್ ಕ್ರಿಶ್ಚಿಯನ್ ಅವರ ಒಂದೇ ಓವರಿನಲ್ಲಿ ಸುನಿಲ್ ನಾರಾಯಣ್ ಮೂರು ಸಿಕ್ಸರ್ ಬಾರಿಸಿದ್ದರು. ಅಂದು ರಾತ್ರಿ ನಿಂದನೆಯ ಸುರಿಮಳೆ ಹರಿದದ್ದು ಕ್ರಿಶ್ಚಿಯನ್ ಅವರ ಗರ್ಭಿಣಿ ಸಂಗಾತಿಯತ್ತ. ಆಕೆಯನ್ನು ಇದರಿಂದ ಹೊರಗಿಡಿ ಎಂದು ಅವರು ಬೇಡಿಕೊಳ್ಳಬೇಕಾಯಿತು. ಸಹ ಆಟಗಾರ ಗ್ಲೆನ್ ಮ್ಯಾಕ್ಸ್‌ವೆಲ್ ನಿಜವಾದ ಅಭಿಮಾನಿಗಳಿಗೆ ಕೃತಜ್ಞತೆ ಹೇಳುತ್ತಲೇ ನಿಂದಕರನ್ನು ಬಹಿರಂಗವಾಗಿ ಖಂಡಿಸಿದರು.

2023ರ ಮೇ 21ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶುಭಮನ್ ಗಿಲ್ ಶತಕ ಬಾರಿಸಿ ಬೆಂಗಳೂರು ತಂಡವನ್ನು ಹೊರಗಟ್ಟಿದಾಗಲೂ ಇದೇ ಕಥೆ. ಬೈಗುಳಕ್ಕೆ ಗುರಿಯಾದದ್ದು ಅವರ ಸಹೋದರಿ. 2021ರ ವಿಶ್ವಕಪ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ ಸೋತಾಗ ಮೊಹಮ್ಮದ್ ಶಮಿ ಅವರ ಧರ್ಮವನ್ನೇ ಎಳೆದು ತರಲಾಯಿತು. ಆಗ ನಾಯಕ ವಿರಾಟ್ ಕೊಹ್ಲಿ ಪತ್ರಿಕಾಗೋಷ್ಠಿಯಲ್ಲಿಯೇ ಶಮಿ ಪರ ನಿಂತರು.

ಕೀಟಲೆ ಬೇರೆ, ನಿಂದನೆ ಬೇರೆ

ಹಾಗೆಂದು ಅಭಿಮಾನಿಗಳು ಬಾಯಿ ಮುಚ್ಚಿ ಕೂರಬೇಕೆಂದಲ್ಲ. ಕಾಲೆಳೆಯುವುದು ಆಟದ ಸೊಗಸು. 2008ರಿಂದ 17 ಋತುಗಳ ಕಾಲ ಕಪ್ ಇಲ್ಲವೆಂಬ ಗೇಲಿಯನ್ನು ಬೆಂಗಳೂರು ಅಭಿಮಾನಿಗಳು ಸಹಿಸಿದರು. 'ಈ ಸಲ ಕಪ್ ನಮ್ದೇ' ಎಂದು ನಗುತ್ತಲೇ ಉತ್ತರಿಸಿದರು. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಅದು ನಿಜವೂ ಆಯಿತು. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಕೆಣಕಿದ ಆಮಿರ್ ಸೊಹೈಲ್‌ಗೆ ವೆಂಕಟೇಶ್ ಪ್ರಸಾದ್ ಉತ್ತರ ಕೊಟ್ಟದ್ದು ಮರುಚೆಂಡಿನಲ್ಲಿ ಸ್ಟಂಪ್ ಉರುಳಿಸಿ.

ಗೆರೆ ಎಲ್ಲಿದೆ ಎಂದು ತಿಳಿಯಲು ಎರಡು ಪ್ರಶ್ನೆ ಸಾಕು. ಮಾತು ಆಟದ ಬಗ್ಗೆ ಇದೆಯೇ, ಅಥವಾ ಕುಟುಂಬ, ಧರ್ಮ, ಭಾಷೆ, ಬಣ್ಣಗಳ ಬಗ್ಗೆಯೇ? ಅದನ್ನು ಆ ವ್ಯಕ್ತಿಯ ಎದುರು ನಿಂತು ಹೇಳಲು ಸಾಧ್ಯವೇ?

ಕಾನೂನು ಏನನ್ನುತ್ತದೆ

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಇದರಿಂದ ಎಲ್ಲಕ್ಕೂ ರಿಯಾಯಿತಿ ದೊರೆಯಿತೆಂದು ಭಾವಿಸುವುದು ತಪ್ಪು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ ಬೆದರಿಕೆ, ಮಹಿಳೆಯ ಮಾನಕ್ಕೆ ಕುಂದು ತರುವ ಮಾತು, ಸಮುದಾಯಗಳ ನಡುವೆ ದ್ವೇಷ ಬಿತ್ತುವುದು ಅಪರಾಧವೇ. ಅಶ್ಲೀಲ ಬರಹಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಅನ್ವಯಿಸುತ್ತದೆ.

ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್‌ಗಳಿಗೂ ಒಂದು ಮಾತು. ಸದಸ್ಯನೊಬ್ಬನ ಬರಹಕ್ಕೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೆ ಸದಸ್ಯರ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರ ಅವರ ಕೈಯಲ್ಲಿದೆ. ಕುಟುಂಬ ಮತ್ತು ಧರ್ಮದ ಮಾತು ಇಲ್ಲಿ ಬೇಡ ಎಂಬ ನಿಯಮವನ್ನು ಋತು ಆರಂಭಕ್ಕೆ ಮುನ್ನವೇ ತಿಳಿಸಿದರೆ ಅರ್ಧ ಕೆಲಸ ಮುಗಿದಂತೆ. ಮೊದಲ ಸಲ ಖಾಸಗಿಯಾಗಿ ತಿಳಿಹೇಳುವುದು ಲೇಸು. ಎಲ್ಲರೆದುರು ಗದರಿಸಿದರೆ ಜಗಳ ಹೆಚ್ಚುತ್ತದೆ. ಬೆದರಿಕೆ ಬಂದಲ್ಲಿ ಅಳಿಸುವ ಮುನ್ನ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಪೊಲೀಸರಿಗೆ ದೂರು ನೀಡಬಹುದು.

ಅಭಿಮಾನಿಗಳಿಗೂ ಒಂದು ಕಿವಿಮಾತು: ಪಂದ್ಯ ಮುಗಿದ ಮೊದಲ ಅರ್ಧ ಗಂಟೆ ಏನನ್ನೂ ಬರೆಯದಿರುವುದು ಒಳ್ಳೆಯದು. ನಿಂದನೆಯನ್ನು ಖಂಡಿಸುವ ನೆಪದಲ್ಲಿ ಅದನ್ನೇ ಹಂಚುವುದೂ ಬೇಡ.

1999ರ ಜನವರಿ 31ರಂದು ಚೆನ್ನೈನಲ್ಲಿ ಭಾರತ ಕೇವಲ 12 ರನ್‌ಗಳಿಂದ ಪಾಕಿಸ್ತಾನಕ್ಕೆ ಸೋತಿತು. ನೊಂದ ಪ್ರೇಕ್ಷಕರು ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದರು. ಕಾಲು ಶತಮಾನ ಕಳೆದರೂ ಆ ಸೋಲಿಗಿಂತ ಆ ಚಪ್ಪಾಳೆಯನ್ನೇ ಜನ ನೆನೆಯುತ್ತಾರೆ.