ಅದನ್ನ ಯಾವಾಗ ತಿರುಗಿ ಕೊಡಬೇಕು?

ನನ್ನ ಫೋನಿನಲ್ಲಿ ಹಾಡು ಕೇಳೋ ಆ್ಯಪ್ ಮೂರಿವೆ. ಕೇಳಿ ಮುಗಿಸೋಕೆ ಏಳು ಜನ್ಮ ಬೇಕು, ಅಷ್ಟು ಹಾಡು. ಆದರೂ ಮೊನ್ನೆ ಆಫೀಸಿಂದ ಮನೆಗೆ ಬರುವಾಗ ಮೆಟ್ರೋದಲ್ಲಿ ಏನು ಕೇಳಲಿ ಅಂತ ಹುಡುಕೋದರಲ್ಲೇ ಅರ್ಧ ದಾರಿ ಕಳೀತು. ಒಂದು ಹಾಡನ್ನೂ ಪೂರ್ತಿ ಕೇಳಲಿಲ್ಲ.

ಆಗ ನೆನಪಾಗಿದ್ದು ಒಂದು ಸಿಡಿ. ಕೆಲವು ವರ್ಷಗಳ ಹಿಂದೆ ಅದನ್ನು ದಿನಾ ರಾತ್ರಿ, ಮೊದಲಿಂದ ಕೊನೆವರೆಗೆ ಕೇಳಿದ್ದೆ. ಕಾರಣ ಇಷ್ಟೇ. ಅದು ನನ್ನದಾಗಿರಲಿಲ್ಲ. ವಾಪಸ್ ಕೊಡಬೇಕಿತ್ತು.

ಪುಕ್ಕಟೆ ಹೆಂಗ ಕೊಡ್ತಾರ?

2017ರಲ್ಲಿ ಕಂಪನಿ ನನ್ನನ್ನು ನ್ಯೂಯಾರ್ಕಿನ ಪ್ರಾಜೆಕ್ಟಿಗೆ ಕಳಿಸಿತ್ತು. ಆಫೀಸು ಮ್ಯಾನ್‌ಹಟನ್‌ನಲ್ಲಿ. ಬಾಡಿಗೆ ಕಡಿಮೆ ಅಂತ ಇದ್ದದ್ದು ನದಿಯಾಚೆ ಜರ್ಸಿ ಸಿಟಿಯಲ್ಲಿ, ನಾಲ್ಕು ಹುಡುಗಿಯರು ಸೇರಿ. ಡಾಲರ್ ಸಂಬಳ ಅಂದರೆ ಊರಲ್ಲಿ ಎಲ್ಲರಿಗೂ ದೊಡ್ಡದು. ಶಿಕ್ಷಣ ಸಾಲದ ಕಂತು ಕಟ್ಟಿ, ಮನೆಗೆ ಕಳಿಸಿ, ಉಳಿದದ್ದರಲ್ಲಿ ನಾನು ಕಾಫಿ ಕುಡಿಯೋಕೂ ಲೆಕ್ಕ ಹಾಕ್ತಿದ್ದೆ. ಶನಿವಾರ, ಭಾನುವಾರ ಬಂದರೆ ಎಲ್ಲಿಗೆ ಹೋಗೋದು ಅನ್ನೋದೇ ಚಿಂತೆ. ಹೋದಲ್ಲೆಲ್ಲ ದುಡ್ಡು.

ಟೀಮಿನ ಹಿರಿಯರೊಬ್ಬರು ಹೇಳಿದರು, "ಲೈಬ್ರರಿ ಕಾರ್ಡ್ ಮಾಡಿಸ್ಕೊಳ್ಳಮ್ಮ. ಇಡೀ ಊರಲ್ಲಿ ಏನೂ ಕೊಳ್ಳದೆ ಕೂತ್ಕೊಳ್ಳೋಕೆ ಇರೋ ಜಾಗ ಅದೊಂದೇ."

ನಾನಿದ್ದದ್ದು ಬೇರೆ ರಾಜ್ಯದಲ್ಲಿ, ನನಗೆ ಕೊಡ್ತಾರಾ ಅನ್ನೋ ಅನುಮಾನ. ಆದರೆ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ನಿಯಮ ಉದಾರವಾಗಿದೆ. ನ್ಯೂಯಾರ್ಕ್ ರಾಜ್ಯದಲ್ಲಿ ವಾಸ ಇರಬೇಕು, ಇಲ್ಲವೇ ಅಲ್ಲಿ ಓದುತ್ತಿರಬೇಕು, ಕೆಲಸ ಮಾಡುತ್ತಿರಬೇಕು ಅಥವಾ ಆಸ್ತಿ ತೆರಿಗೆ ಕಟ್ಟುತ್ತಿರಬೇಕು. ನಾಲ್ಕರಲ್ಲಿ ಒಂದಿದ್ದರೆ ಸಾಕು. ಗುರುತಿನ ಚೀಟಿ, ಕಂಪನಿ ಪತ್ರ ತೋರಿಸಿದೆ. ಠೇವಣಿ ಇಲ್ಲ, ಶುಲ್ಕ ಇಲ್ಲ. ಕಾರ್ಡು ಕೈಗೆ ಬಂತು.

ಆ ಲೈಬ್ರರಿಯ ಶಾಖೆಗಳಲ್ಲಿ ಒಂದು ಲಿಂಕನ್ ಸೆಂಟರಿನಲ್ಲಿದೆ. ಸಂಗೀತ, ನಾಟಕ, ನೃತ್ಯಕ್ಕಾಗಿಯೇ ಇರುವ ಗ್ರಂಥಾಲಯ. ಅಲ್ಲಿ ಪುಸ್ತಕದ ಹಾಗೇ ಸಿಡಿಗಳನ್ನೂ ಮನೆಗೆ ಒಯ್ಯಬಹುದು. ಹಳೇ ಅಪರೂಪದ ಧ್ವನಿಮುದ್ರಣಗಳ ಭಂಡಾರವೂ ಇದೆ. ಅವನ್ನು ಮಾತ್ರ ಅಲ್ಲೇ ಕೂತು ಕೇಳಬೇಕು, ಹೊರಗೆ ಕೊಡೋದಿಲ್ಲ.

ಸಾಲು ಸಾಲು ಸಿಡಿಗಳ ನಡುವೆ ಭಾರತದ ವಿಭಾಗ ಹುಡುಕಿದೆ. ರವಿಶಂಕರ್ ಅವರದ್ದೇ ಹೆಚ್ಚು. ಅವುಗಳ ಹಿಂದೆ ಒಂದರ ಮೇಲೆ ಕಂಡಿತು ಹೆಸರು: ಭೀಮಸೇನ ಜೋಶಿ. ನನ್ನೂರು ಗದಗ. ಹನ್ನೆರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ ಬಂದು, ಒಬ್ಬರ ಪರಿಚಯವೂ ಇಲ್ಲದ ಊರಲ್ಲಿ, ನಮ್ಮ ಮನೆಯವರೇ ಯಾರೋ ಎದುರಿಗೆ ಬಂದ ಹಾಗಾಯಿತು.

ಆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದೆ.

"ಎಷ್ಟು ರೊಕ್ಕ ಕೊಟ್ಟಿ?"

"ರೊಕ್ಕ ಇಲ್ಲಪ್ಪಾ. ಲೈಬ್ರರೀದು."

"ಪುಕ್ಕಟೆ ಹೆಂಗ ಕೊಡ್ತಾರ? ಗುರುತಿಲ್ಲ, ಪರಿಚಯ ಇಲ್ಲ..." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಅದನ್ನ ಯಾವಾಗ ತಿರುಗಿ ಕೊಡಬೇಕು?"

ಡಬ್ಬಿ ಅದೇ, ಕ್ಯಾಸೆಟ್ ಬ್ಯಾರೆ

ಅಪ್ಪ ಹಾಗೆ ಕೇಳಿದ್ದಕ್ಕೆ ಹಿನ್ನೆಲೆ ಇದೆ. ಅವರು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ಮನೆಯಲ್ಲಿ ಟಿವಿ ಬರೋಕೆ ಮೊದಲೇ ಟೇಪ್ ರೆಕಾರ್ಡರ್ ಬಂದಿತ್ತು. ಪಗಾರ ಆದ ತಿಂಗಳಲ್ಲಿ ಒಂದೊಂದೇ ಕ್ಯಾಸೆಟ್ ಕೊಂಡು ಕೂಡಿಸಿದ್ದರು. ಅದರಲ್ಲಿ ಭೀಮಸೇನರು ಹಾಡಿದ ದಾಸರ ಪದಗಳ ಕ್ಯಾಸೆಟ್ ಅವರ ಜೀವ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಓಣಿಯವರೊಬ್ಬರು ಗೃಹಪ್ರವೇಶಕ್ಕೆ ಬೇಕು ಅಂತ ಅದನ್ನು ಒಯ್ದರು. ಎರಡು ತಿಂಗಳ ಮೇಲೆ, ನಾಲ್ಕು ಸಲ ಕೇಳಿದ ನಂತರ, ಡಬ್ಬಿ ವಾಪಸ್ ಬಂತು. ಒಳಗೆ ಯಾವುದೋ ಸಿನಿಮಾ ಹಾಡಿನ ಕ್ಯಾಸೆಟ್ ಇತ್ತು. ಹೋಗಿ ಕೇಳಿದರೆ, "ನೀವು ಕೊಟ್ಟಿದ್ದು ಇದೇ ರೀ ಸರ್" ಅಂದರು.

ಅಪ್ಪ ಜಗಳ ಆಡಲಿಲ್ಲ. ಮರುದಿನ ಶೋಕೇಸಿಗೆ ಕೀಲಿ ಹಾಕಿದರು. ಅವತ್ತಿನಿಂದ ನಮ್ಮ ಮನೆಯಿಂದ ಒಂದು ಪುಸ್ತಕ, ಒಂದು ಕ್ಯಾಸೆಟ್ ಹೊರಗೆ ಹೋಗಲಿಲ್ಲ. ಗೆಳೆಯರು ಕೇಳಿದರೆ "ಇಲ್ಲೇ ಕುಂತು ಓದ್ರಿ, ಚಾ ಕೊಡ್ತೀನಿ" ಅನ್ನೋರು.

ಅಂಥವರಿಗೆ ಮಗಳು ಫೋನ್ ಮಾಡಿ, ಗುರುತಿಲ್ಲದವರು ನನಗೆ ಸಿಡಿ ಕೊಟ್ಟರು ಅಂದರೆ ನಂಬೋದು ಹೇಗೆ?

ಆ ಸಿಡಿಗಾಗಿ ಇಪ್ಪತ್ತು ಡಾಲರಿಗೆ ಸೆಕೆಂಡ್ ಹ್ಯಾಂಡ್ ಪ್ಲೇಯರ್ ಕೊಂಡೆ. ಮೊದಲ ದಿನ ಅರ್ಥವಾಗಲಿಲ್ಲ. ಮೂರನೇ ದಿನ ಆಲಾಪ ಎಲ್ಲಿ ತಿರುಗುತ್ತೆ ಅಂತ ತಿಳಿಯತೊಡಗಿತು. ಒಂದು ವಾರದ ಮೇಲೆ ಆ ತಿರುವು ಬರೋಕೆ ಮುಂಚೆಯೇ ಕಾಯ್ತಿದ್ದೆ. ಕೊಡೋ ದಿನ ಹತ್ತಿರ ಬರ್ತಿದೆ ಅನ್ನೋದು ತಲೆಯಲ್ಲಿತ್ತು. ಹಾಗಾಗಿ ಸ್ಕಿಪ್ ಮಾಡಲಿಲ್ಲ.

ಭೀಮಸೇನರ ಬಗ್ಗೆ ಅಪ್ಪ ಯಾವಾಗಲೂ ಹೇಳುವ ಕಥೆ ಒಂದಿದೆ. ನಮ್ಮ ಕಡೆ ಎಲ್ಲರಿಗೂ ಗೊತ್ತಿರೋದೇ. ಚಿಕ್ಕ ಹುಡುಗ, ಅಂಗಡಿಯೊಂದರಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಗ್ರಾಮೋಫೋನ್ ಪ್ಲೇಟು ಕೇಳಿ ಹುಚ್ಚು ಹಿಡಿಸಿಕೊಂಡ. ಗುರುವನ್ನು ಹುಡುಕುತ್ತ ಮನೆಬಿಟ್ಟು ಉತ್ತರಕ್ಕೆ ಓಡಿದ. ಊರೂರು ಅಲೆದು ಕೊನೆಗೆ ನಮ್ಮ ಕುಂದಗೋಳದಲ್ಲೇ ಸವಾಯಿ ಗಂಧರ್ವರ ಶಿಷ್ಯನಾದ. ಆ ಪ್ಲೇಟು ಹುಡುಗನದಲ್ಲ, ಅಂಗಡಿಯವನದು. ಸ್ವಂತದ್ದಲ್ಲದ ಪ್ಲೇಟಿನಿಂದಲೇ ಒಂದು ಜೀವನ ತಿರುಗಿತು.

ಖಾಲಿ ಡಬ್ಬಿ

ಆಮೇಲೆ ಅಭ್ಯಾಸವಾಯಿತು. ಎರಡು ಪುಸ್ತಕ, ಮೂರು ಸಿಡಿ. ಕಾದಂಬರಿ, ಅಡುಗೆ ಪುಸ್ತಕ, ಜಾಝ್, ಒಮ್ಮೆ ಆಫ್ರಿಕಾದ ಸಂಗೀತ. ಕೊಂಡು ಕೇಳುವ ಹಾಗಿದ್ದರೆ ಇವುಗಳಲ್ಲಿ ಒಂದನ್ನೂ ಕೊಳ್ತಿರಲಿಲ್ಲ. ಇಷ್ಟವಾಗದಿದ್ದರೆ ವಾಪಸ್ ಕೊಟ್ಟರಾಯಿತು ಅನ್ನೋ ಧೈರ್ಯಕ್ಕೆ ತಂದೆ.

ಸಿಡಿ ಬಾಡಿಗೆ ಅಂಗಡಿ ಅಲ್ಲಿ ಯಾಕಿಲ್ಲ, ಲೈಬ್ರರಿ ಮಾತ್ರ ಯಾಕೆ ಕೊಡುತ್ತೆ ಅನ್ನೋ ಕುತೂಹಲ ಆಗಲೇ ಹುಟ್ಟಿದ್ದು. ಅದಕ್ಕೂ ಕಾನೂನಿನ ಕಾರಣ ಇದೆ. ಜನ ಬಾಡಿಗೆಗೆ ತಂದು ಮನೆಯಲ್ಲಿ ಕಾಪಿ ಮಾಡಿಕೊಳ್ತಾರೆ ಅಂತ ಅಮೆರಿಕ 1984ರಲ್ಲಿ ಹಾಡಿನ ರೆಕಾರ್ಡುಗಳನ್ನು ಲಾಭಕ್ಕಾಗಿ ಬಾಡಿಗೆ ಕೊಡೋದನ್ನು ನಿರ್ಬಂಧಿಸಿತು. ಲಾಭಕ್ಕಲ್ಲದ ಗ್ರಂಥಾಲಯಗಳಿಗೆ ವಿನಾಯಿತಿ ಕೊಟ್ಟಿತು.

ಒಂದು ಸೋಮವಾರ ಆಫೀಸಿಗೆ ಓಡುವ ಅವಸರದಲ್ಲಿ ಸಿಡಿಗಳನ್ನು ವಾಪಸ್ ಪೆಟ್ಟಿಗೆಗೆ ಹಾಕಿ ಬಂದೆ. ರಾತ್ರಿ ಪ್ಲೇಯರ್ ಆನ್ ಮಾಡಿದರೆ ಹಾಡು ಶುರುವಾಯಿತು! ಸಿಡಿ ಒಳಗೇ ಇತ್ತು. ನಾನು ವಾಪಸ್ ಕೊಟ್ಟದ್ದು ಖಾಲಿ ಡಬ್ಬಿ.

ಬೆವರು ಬಂತು. ನಮ್ಮ ಓಣಿಯವರು ಅಪ್ಪನಿಗೆ ಮಾಡಿದ್ದನ್ನೇ ನಾನೂ ಮಾಡಿದ್ದೆ. ಮರುದಿನ ಹೋಗಿ, ತಲೆತಗ್ಗಿಸಿ, ಸಿಡಿ ಮುಂದಿಟ್ಟೆ. ಕೌಂಟರಿನಲ್ಲಿದ್ದ ಹೆಂಗಸು ನಕ್ಕು, ಇಂಥದ್ದು ಬೇಕಾದಷ್ಟು ಆಗುತ್ತೆ ಅಂದರು. ಒಂದು ಡಬ್ಬಿ ಹುಡುಕಿ ಒಳಗೆ ಸೇರಿಸಿದರು. ಅಷ್ಟೇ.

ಆಗೆಲ್ಲ ತಡವಾದರೆ ದಂಡ ಇತ್ತು. ಪುಸ್ತಕಕ್ಕೆ ದಿನಕ್ಕೆ 25 ಸೆಂಟ್. ಬಾಕಿ 15 ಡಾಲರ್ ಮುಟ್ಟಿದರೆ ಕಾರ್ಡು ಬಂದ್. 2021ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ನಗರದ ಮೂರೂ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗಳು ತಡದ ದಂಡವನ್ನೇ ರದ್ದು ಮಾಡಿದವು. ಆ ಹೊತ್ತಿಗೆ ಸುಮಾರು 4 ಲಕ್ಷ ಜನರ ಕಾರ್ಡು ಬಂದ್ ಆಗಿತ್ತಂತೆ. ಅರ್ಧಕ್ಕಿಂತ ಹೆಚ್ಚಿನವರು ಬಡವರು ಹೆಚ್ಚಿರುವ ಬಡಾವಣೆಗಳವರು. ಲೈಬ್ರರಿ ಯಾರಿಗೆ ಹೆಚ್ಚು ಬೇಕಿತ್ತೋ ಅವರೇ ಹೊರಗಿದ್ದರು.

ಈ ಸುದ್ದಿ ಹೇಳಿದಾಗ ಅಪ್ಪ ತಲೆಯಾಡಿಸಿದರು. "ದಂಡ ಇಲ್ಲಂದ್ರ ಯಾರು ತಿರುಗಿ ಕೊಡ್ತಾರ?"

ಕಳೆದುಹಾಕಿದರೆ ಬೆಲೆ ಕಟ್ಟಲೇಬೇಕು, ಆ ನಿಯಮ ಹಾಗೇ ಇದೆ. ಆದರೆ ಮುಂದಿನ ಕೆಲವೇ ತಿಂಗಳಲ್ಲಿ ಮ್ಯಾನ್‌ಹಟನ್, ಬ್ರಾಂಕ್ಸ್, ಸ್ಟೇಟನ್ ಐಲೆಂಡ್‌ಗಳಲ್ಲಿ ಅವಧಿ ಮೀರಿದ, ಕಳೆದುಹೋಗಿದ್ದ 21 ಸಾವಿರಕ್ಕೂ ಹೆಚ್ಚು ಪುಸ್ತಕ, ಸಿಡಿ ಮೊದಲಾದವು ವಾಪಸ್ ಬಂದವು. ಕೆಲವು ಎಷ್ಟು ಹಳೆಯವೆಂದರೆ ಲೈಬ್ರರಿಯ ಲೆಕ್ಕದಲ್ಲೇ ಇರಲಿಲ್ಲ. ಜನ ಇಟ್ಟುಕೊಂಡಿದ್ದು ಆಸೆಯಿಂದಲ್ಲ, ಹೆದರಿಕೆಯಿಂದ.

ಬೆಂಗಳೂರಿನ ಬೀಗ

2019ರಲ್ಲಿ ನಾನು ಬೆಂಗಳೂರಿಗೆ ವಾಪಸ್ ಬಂದೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಗದಗಿನ ಮನೆ ಬಾಡಿಗೆಗೆ ಕೊಟ್ಟು ನನ್ನ ಜೊತೆ ಬಂದರು. ಶೋಕೇಸಿನ ಪುಸ್ತಕಗಳು ನಾಲ್ಕು ರಟ್ಟಿನ ಡಬ್ಬಿಗಳಲ್ಲಿ ಬಂದವು. ಅವನ್ನು ಬಿಚ್ಚಲೇ ಇಲ್ಲ.

ಏಳನೇ ಮಹಡಿಯ ಫ್ಲಾಟು. ನಾನು ಬೆಳಿಗ್ಗೆ ಹೋದರೆ ರಾತ್ರಿ ಬರೋಳು. ಅಪ್ಪ ಬಾಲ್ಕನಿಯಲ್ಲಿ ಕೂತಿರೋರು. ಬೇಜಾರು ಕಳೆಯಲಿ ಅಂತ ಸ್ಪೀಕರ್ ತಂದೆ, ಟ್ಯಾಬ್ ತಂದೆ, ಆ್ಯಪಿಗೆ ದುಡ್ಡು ಕಟ್ಟಿದೆ. "ಯಾವ ಹಾಡು ಬೇಕಾದ್ರೂ ಕೇಳಿ ಅಪ್ಪಾ" ಅಂದೆ. ನಾಲ್ಕು ದಿನ ನೋಡಿದರು. "ಇಷ್ಟೆಲ್ಲಾ ಇಟಗೊಂಡು ನಾ ಏನ್ ಮಾಡ್ಲಿ?" ಅಂದು ಪಕ್ಕಕ್ಕಿಟ್ಟರು. ದಿನಕ್ಕೆ ಹತ್ತು ಮಾತೂ ಆಡದ ಹಾಗಾದರು. ನನಗೆ ಭಯವಾಗತೊಡಗಿತು.

ಆಸ್ತಿ ತೆರಿಗೆ ಕಟ್ಟುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಗ್ರಂಥಾಲಯ ಕರ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಈ ಕರವನ್ನೂ ವಸೂಲು ಮಾಡ್ತಾರೆ. ಈಗ ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ನ್ಯೂಯಾರ್ಕಿನಲ್ಲಿ ಪುಕ್ಕಟೆ ಸಿಕ್ಕಿತು ಅಂತ ಹಿಗ್ಗಿದ್ದ ನಾನು, ನನ್ನದೇ ದುಡ್ಡಿನಲ್ಲಿ ನಡೆಯೋ ಲೈಬ್ರರಿಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ.

ಭಾರತದ ಗ್ರಂಥಾಲಯ ಚಳವಳಿಗೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಬೆಂಗಳೂರಿನಲ್ಲಿ. 1931ರಲ್ಲಿ ಅವರು ಬರೆದ ಐದು ಸೂತ್ರಗಳನ್ನು ಇವತ್ತಿಗೂ ಜಗತ್ತಿನ ಎಲ್ಲೆಡೆ ಗ್ರಂಥಾಲಯ ವಿದ್ಯಾರ್ಥಿಗಳು ಓದುತ್ತಾರೆ. ಅವುಗಳಲ್ಲಿ ಮೊದಲನೆಯದರ ತಿರುಳು, ಪುಸ್ತಕ ಇರೋದು ಬಳಕೆಗೆ, ಕಾದಿಡೋಕಲ್ಲ ಅನ್ನೋದು. ಶೋಕೇಸಿಗೆ ಕೀಲಿ ಹಾಕಿದ ಅಪ್ಪನಿಗೆ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಅವರ ಕೈ ಹಿಡಿದು ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೊರಟೆ. ಅವತ್ತು ಸೋಮವಾರ. ಬಾಗಿಲಿಗೆ ಬೀಗ, ವಾರದ ರಜೆ.

ಮರುದಿನ ಮತ್ತೆ ಹೋದೆವು. ಅರ್ಜಿ, ಫೋಟೊ, ಆಧಾರ್ ಪ್ರತಿ, ವಾಪಸ್ ಸಿಗುವ ಸಣ್ಣ ಠೇವಣಿ. ದೊಡ್ಡ ಲೈಬ್ರರಿಯಲ್ಲ. ಎರಡು ಕೋಣೆ, ಪೇಪರ್ ಓದುವ ಹಿರಿಯರು, ಕೆಎಎಸ್ ಪರೀಕ್ಷೆಗೆ ಓದುವ ಹುಡುಗರು. ಸಿಡಿ ಇಲ್ಲ. ಕನ್ನಡ ಕಾದಂಬರಿಗಳು ಮಾತ್ರ ಗೋಡೆ ತುಂಬ. ಅಪ್ಪ ಒಂದು ಗಂಟೆ ನಿಂತೇ ಹುಡುಕಿದರು. ಎರಡು ಪುಸ್ತಕ ತಂದು ಮೇಜಿನ ಮೇಲಿಟ್ಟರು. ಗ್ರಂಥಪಾಲಕರು ಹಿಂಬದಿಗೆ ಅಂಟಿಸಿದ್ದ ಚೀಟಿಯಲ್ಲಿ ತಾರೀಖಿನ ಮುದ್ರೆ ಒತ್ತಿದರು.

ಆ ತಾರೀಖನ್ನು ಅಪ್ಪ ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಮುಗಿಸಬೇಕಲ್ಲ! ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದವರು ಈಗ ಪೇಪರ್ ಓದೋಕೆ ದಿನಾ ಹೋಗ್ತಾರೆ. ಧಾರವಾಡದ ಕಡೆಯ ಇಬ್ಬರು ಗೆಳೆಯರೂ ಸಿಕ್ಕಿದ್ದಾರೆ.

ನೀವು ಹೋಗುವುದಾದರೆ

• ಬಾಡಿಗೆ ಮನೆಯಲ್ಲಿದ್ದರೂ ಸದಸ್ಯರಾಗಬಹುದು. ವಿಳಾಸಕ್ಕೆ ಯಾವ ದಾಖಲೆ ನಡೆಯುತ್ತೆ ಅಂತ ಮೊದಲೇ ಕೇಳಿಕೊಳ್ಳಿ.
• ಸೋಮವಾರ ಹೋಗಬೇಡಿ.
• ವಿದೇಶದಲ್ಲಿರುವವರು ಊರಿನ ಲೈಬ್ರರಿ ಕಾರ್ಡು ಮೊದಲು ಮಾಡಿಸಿ. ಅಮೆರಿಕದ ಬಹಳಷ್ಟು ಗ್ರಂಥಾಲಯಗಳ ಕಾರ್ಡಿದ್ದರೆ ಲಿಬ್ಬಿ ಆ್ಯಪಿನಲ್ಲಿ ಇ-ಪುಸ್ತಕ, ಆಡಿಯೊ ಪುಸ್ತಕ ಸಿಗುತ್ತೆ. ಕೆಲವು ಕಡೆ ಹೂಪ್ಲಾದಲ್ಲಿ ಹಾಡಿನ ಆಲ್ಬಂಗಳೂ ಸಿಗುತ್ತವೆ. ಇ-ಪುಸ್ತಕಕ್ಕೂ ಸರದಿ ಇರುತ್ತೆ. ಲೈಬ್ರರಿ ಎಷ್ಟು ಪ್ರತಿಗೆ ಪರವಾನಗಿ ಕೊಂಡಿರುತ್ತೋ ಒಂದು ಹೊತ್ತಿಗೆ ಅಷ್ಟೇ ಜನಕ್ಕೆ ಸಾಮಾನ್ಯವಾಗಿ ಕೊಡೋದು.
• ಸಿಡಿ ತಂದರೆ, ವಾಪಸ್ ಕೊಡುವ ಮುಂಚೆ ಡಬ್ಬಿ ತೆರೆದು ನೋಡಿ. ಅನುಭವದ ಮಾತು.

ಕೀಲಿ

ಹಾಡಿಗೂ ಈಗ ನಮ್ಮ ಮನೆಯಲ್ಲಿ ಒಂದು ನಿಯಮ ಇದೆ. ಆ್ಯಪಿನಲ್ಲಿ ಹದಿನೈದು ದಿನಕ್ಕೆ ಒಂದೇ ಆಲ್ಬಂ. ಫ್ರಿಜ್ಜಿನ ಮೇಲೆ ಚೀಟಿ, ಅದರಲ್ಲಿ ಆಲ್ಬಮ್ಮಿನ ಹೆಸರು, "ತಿರುಗಿ ಕೊಡುವ" ತಾರೀಖು. ಯಾರಿಗೂ ಕೊಡೋದಿಲ್ಲ, ಗೊತ್ತು. ಆದರೂ ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಕೇಳ್ತೇವೆ.

ಹೋದ ತಿಂಗಳು ಮೇಲಿನ ಮಹಡಿಯ ಹುಡುಗಿ ಬಂದಿದ್ದಳು. ಒಂಬತ್ತನೇ ಕ್ಲಾಸು, ಸಂಗೀತ ಕಲೀತಾಳೆ. ದಾಸರ ಪದಗಳ ಪುಸ್ತಕ ಇದೆಯಾ ತಾತಾ ಅಂತ ಕೇಳಿದಳು. ನಾನು ಅಡುಗೆಮನೆಯಿಂದಲೇ ಕಿವಿಗೊಟ್ಟೆ. "ಇಲ್ಲೇ ಕುಂತು ಓದು" ಅನ್ನೋ ಮಾತು ಬರುತ್ತೆ ಅಂದುಕೊಂಡೆ.

ರಟ್ಟಿನ ಡಬ್ಬಿ ಎಳೆದ ಸದ್ದಾಯಿತು. ಟೇಪ್ ಹರಿದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಪ್ಪನ ದನಿ.

"ತಗೋ ತಂಗಿ. ಯಾವಾಗ ತಿರುಗಿ ಕೊಡ್ತಿ?"