ವರ್ತಕರ ಲೆಕ್ಕವಿರುವ ಕಣಜ: ದತ್ತಾಂಶ ಕೇಂದ್ರಗಳ ಪರಿಚಯ

ಮಾಲೂರಿನ ಕಾರ್ಖಾನೆಯಿಂದ ಹೊರಡುವ ಲಾರಿಯಾಗಲಿ, ಮುಳಬಾಗಿಲು ತಾಲ್ಲೂಕಿನ ನಂಗಲಿ ದಾಟಿ ಆಂಧ್ರಕ್ಕೆ ಸಾಗುವ ಸರಕಾಗಲಿ, ಅದರ ಮೌಲ್ಯ 50,000 ರೂಪಾಯಿ ಮೀರಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಇಲ್ಲದೆ ಕದಲುವಂತಿಲ್ಲ. ಈ ಬಿಲ್ಲು ಸಿದ್ಧವಾಗುವುದು ಗುಮಾಸ್ತರ ಮೇಜಿನ ಮೇಲಲ್ಲ. ದೂರದ ದತ್ತಾಂಶ ಕೇಂದ್ರವೊಂದರಲ್ಲಿ. 2018ರ ಫೆಬ್ರವರಿ 1ರಂದು ದೇಶದಾದ್ಯಂತ ಈ ವ್ಯವಸ್ಥೆ ಕಡ್ಡಾಯವಾದ ದಿನವೇ ಜಾಲತಾಣ ಒತ್ತಡ ತಾಳದೆ ಸ್ಥಗಿತಗೊಂಡಿತು. ಸರ್ಕಾರ ಅಂದೇ ಜಾರಿಯನ್ನು ಮುಂದೂಡಬೇಕಾಯಿತು. ಏಪ್ರಿಲ್ 1ರಿಂದ ಅದು ಅಂತರರಾಜ್ಯ ಸಾಗಣೆಗೆ ಮತ್ತೆ ಜಾರಿಗೆ ಬಂದಾಗ, ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ ಮೊದಲ ರಾಜ್ಯ ಕರ್ನಾಟಕ.

ರಚನೆ ಹೇಗೆ?

ಹಗಲಿರುಳು ಕೆಲಸ ಮಾಡುವ ನೂರಾರು, ಸಾವಿರಾರು ಸರ್ವರ್‌ಗಳನ್ನು ಒಂದೆಡೆ ಇರಿಸಿ ಕಾಪಾಡುವ ಕಟ್ಟಡವೇ ದತ್ತಾಂಶ ಕೇಂದ್ರ. ಸರ್ವರ್ ಎಂಬುದೂ ಗಣಕಯಂತ್ರವೇ. ಆದರೆ ಪರದೆ, ಕೀಲಿಮಣೆಗಳಿಲ್ಲದೆ ಕಬ್ಬಿಣದ ಚೌಕಟ್ಟುಗಳಲ್ಲಿ ಒಂದರ ಮೇಲೊಂದರಂತೆ ಜೋಡಿಸಲ್ಪಟ್ಟಿರುತ್ತದೆ. ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯಲೆಂದು ಅದೇ ಮಾಹಿತಿಯನ್ನು ಬೇರೆ ಡಿಸ್ಕ್‌ಗಳಲ್ಲಿಯೂ ಬರೆಯಲಾಗುತ್ತದೆ. ಅಂತರ್ಜಾಲದ ಕೇಬಲ್ಲುಗಳನ್ನು ಬೇರೆ ಬೇರೆ ಮಾರ್ಗಗಳಲ್ಲಿ ಎಳೆಯಲಾಗುತ್ತದೆ. ರಸ್ತೆ ಅಗೆತದಲ್ಲಿ ಒಂದು ತುಂಡಾದರೆ ಇನ್ನೊಂದು ನೆರವಿಗೆ ಬರುತ್ತದೆ.

ವಿದ್ಯುತ್ತಿನ ವ್ಯವಸ್ಥೆಯೂ ಇದೇ ಬಗೆಯದು. ಸರಬರಾಜು ನಿಂತ ಕ್ಷಣವೇ ಯುಪಿಎಸ್ ಬ್ಯಾಟರಿಗಳು ಹೊರೆ ಹೊರುತ್ತವೆ. ಅವು ಬರಿದಾಗುವ ಮುನ್ನ ಡೀಸೆಲ್ ಜನರೇಟರ್‌ಗಳು ಚಾಲೂ ಆಗುತ್ತವೆ. ಉತ್ತಮ ದರ್ಜೆಯೆನಿಸಿದ ಟಿಯರ್-3 ಕೇಂದ್ರವೊಂದರಲ್ಲಿ ವರ್ಷವಿಡೀ ಸೇರಿ ಸೇವೆ ನಿಲ್ಲಬಹುದಾದ ಅವಧಿ ಸುಮಾರು 1.6 ಗಂಟೆ ಮಾತ್ರ ಎಂಬುದು ರೂಢಿಯ ಅಳತೆ.

ಸರ್ವರ್ ಬಳಸುವ ವಿದ್ಯುತ್ತು ಬಹುತೇಕ ಪೂರ್ಣವಾಗಿ ಶಾಖವಾಗಿ ಮಾರ್ಪಡುವುದರಿಂದ ತಂಪುಗೊಳಿಸುವಿಕೆಯೇ ದೊಡ್ಡ ಖರ್ಚಿನ ಬಾಬ್ತು. ಒಳಸೇರುವ ಗಾಳಿಯ ಉಷ್ಣತೆ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಸಾಮಾನ್ಯ ಶಿಫಾರಸು. ಕೆಲವು ಕೇಂದ್ರಗಳು ಇದಕ್ಕಾಗಿ ನೀರನ್ನು ಆವಿಯಾಗಿಸುತ್ತವೆ. ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿತ ನೀರನ್ನು ಕೆರೆಗಳಿಗೆ ತುಂಬಿಸಿಕೊಳ್ಳುತ್ತಿರುವ ಕೋಲಾರ ಜಿಲ್ಲೆಯಲ್ಲಿ ಇಂಥ ಉದ್ಯಮ ಬರುವುದಾದರೆ ಮೊದಲು ಕೇಳಬೇಕಾದ ಪ್ರಶ್ನೆ ನೀರಿನದೇ.

ಬೆಂಕಿ ಕಲಿಸಿದ ಪಾಠ

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದ ಒಂದು ಕಟ್ಟಡ ಸುಟ್ಟುಹೋಯಿತು. ಪ್ರತಿಯನ್ನು ಬೇರೆ ಊರಿನಲ್ಲಿ ಇರಿಸಿದ್ದವರು ಚೇತರಿಸಿಕೊಂಡರು. ಮೂಲ, ಪ್ರತಿ ಎರಡನ್ನೂ ಅದೇ ಆವರಣದಲ್ಲಿ ಇರಿಸಿದ್ದ ಹಲವರು ತಮ್ಮ ಮಾಹಿತಿಯನ್ನು ಶಾಶ್ವತವಾಗಿ ಕಳೆದುಕೊಂಡರು. ಭದ್ರವಾದ ಕಟ್ಟಡವೊಂದೇ ಸಾಲದೆಂಬುದಕ್ಕೆ ಇದು ಸಾಕ್ಷಿ.

ಸಣ್ಣ ವರ್ತಕರಿಗೂ ಇದು ಸಂಬಂಧಿಸಿದ ಮಾತು. ಜಿಎಸ್‌ಟಿ ಕಾಯಿದೆಯನ್ವಯ, ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ಗಣಕಯಂತ್ರದಲ್ಲಿರುವ ಲೆಕ್ಕಕ್ಕೆ ಸೂಕ್ತ ಬ್ಯಾಕಪ್ ಇರಬೇಕೆಂದೂ ನಿಯಮ ಹೇಳುತ್ತದೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಾಗಲಿ ಕೋಲಾರದ ಜವಳಿ ಅಂಗಡಿಯಲ್ಲಾಗಲಿ, ಲೆಕ್ಕವೆಲ್ಲ ಒಂದೇ ಗಣಕಯಂತ್ರದಲ್ಲಿದ್ದರೆ ಒಂದು ಸಿಡಿಲು, ಒಂದು ವೈರಸ್ ಸಾಕು, ವರ್ಷಗಳ ಬಾಕಿ ವಸೂಲಿಯ ಆಧಾರವೇ ಅಳಿಸಿಹೋಗುತ್ತದೆ.

ಸೇವೆ ಕೊಳ್ಳುವ ಮುನ್ನ

ಲೆಕ್ಕವನ್ನು ಹೊರಗಿನ ಸಂಸ್ಥೆಗೆ ಒಪ್ಪಿಸುವ ಮೊದಲು ಮೂರು ವಿಷಯಗಳನ್ನು ಲಿಖಿತವಾಗಿ ಪಡೆಯುವುದು ಒಳಿತು. ಪ್ರತಿಯನ್ನು ಬೇರೆ ಊರಿನಲ್ಲಿ ಇಡಲಾಗುತ್ತದೆಯೇ? ಸೇವೆ ನಿಂತರೆ ಎಷ್ಟು ಗಂಟೆಯಲ್ಲಿ ಮರಳುತ್ತದೆ? ಒಪ್ಪಂದ ಮುಗಿದಾಗ ಮಾಹಿತಿ ಬಳಸಬಲ್ಲ ರೂಪದಲ್ಲಿ ಕೈಸೇರುತ್ತದೆಯೇ?

ಇದರೊಡನೆ ವಾರಕ್ಕೊಮ್ಮೆ ಪ್ರತ್ಯೇಕ ಡಿಸ್ಕ್‌ನಲ್ಲಿ ಪ್ರತಿ ತೆಗೆದು ಅಂಗಡಿಯ ಹೊರಗೆ ಇರಿಸಬೇಕು. ಆ ಪ್ರತಿ ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸಿಯೂ ನೋಡಬೇಕು. ತೆರೆಯದ ಪ್ರತಿಯನ್ನು ನಂಬಿ ಕೂರುವುದಕ್ಕಿಂತ ಪ್ರತಿಯೇ ಇಲ್ಲವೆಂದು ಎಚ್ಚರದಿಂದಿರುವುದು ಲೇಸು.